ದೂರದ್ದು ಹತ್ತಿರ ಕಾಣಬೇಕೆ? ಕ್ಯಾಮೆರಾ ಕೊಳ್ಳುವ ಮೊದಲು ನಾಲ್ಕು ಮಾತು



ಈ ಸಲ ಬಂದ ಕಾಗದಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತವೆ. ಕಡೂರಿನ ಸೋದರಿಯೊಬ್ಬರಿಗೆ ಹಿತ್ತಿಲಿನ ನುಗ್ಗೆಮರಕ್ಕೆ ಬರುವ ಹಕ್ಕಿಗಳ ಚಿತ್ರ ತೆಗೆಯುವ ಆಸೆ. ಶಿರಸಿಯ ಇನ್ನೊಬ್ಬರಿಗೆ ಮಗಳ ಭರತನಾಟ್ಯವನ್ನು ಸಭಾಂಗಣದ ಹಿಂದಿನ ಸಾಲಿನಿಂದಲೇ ಚೆನ್ನಾಗಿ ಹಿಡಿಯಬೇಕಾಗಿದೆ. ಮೂರನೆಯವರು ಹೊಸದುರ್ಗದವರು. ಚೀಟಿ ದುಡ್ಡು ಕೈಗೆ ಬಂದಿದೆಯಂತೆ, ಮನೆಯವರೂ ಒಪ್ಪಿದ್ದಾರಂತೆ. "ಬೆಲೆ ಕಡಿಮೆ ಇರಬೇಕು, ದೂರದ್ದು ಹತ್ತಿರ ಕಾಣಬೇಕು. ಅಂಥ ಡಿಜಿಟಲ್ ಕ್ಯಾಮೆರಾ ಯಾವುದು, ಹೆಸರು ಬರೆದುಬಿಡಿ ಸಾಕು" ಎಂದಿದ್ದಾರೆ.

ಹೆಸರು ಬರೆಯುವುದೇನೋ ಸುಲಭ. ಆದರೆ ನೆರೆಮನೆಯಾಕೆ ಬಂದು "ಒಂದು ಸೀರೆ ತರಬೇಕು ಕಣ್ರೀ, ಯಾವುದು ಒಳ್ಳೇದು?" ಎಂದು ಕೇಳಿದರೆ ನೀವೇನನ್ನುತ್ತೀರಿ? "ಯಾವುದಕ್ಕೆ ಉಡೋದು? ಮದುವೆಗೋ, ದಿನಾ ಉಡೋಕೋ?" ಎಂದು ಮೊದಲು ಕೇಳುತ್ತೀರಿ, ಅಲ್ಲವೇ? ಕ್ಯಾಮೆರಾ ವಿಷಯವೂ ಹಾಗೇ. ಈ ಮೂವರು ಸೋದರಿಯರಿಗೂ ಒಂದೇ ಕ್ಯಾಮೆರಾ ಹೇಳಿದರೆ ಇಬ್ಬರಾದರೂ ನಂತರ ನನ್ನನ್ನು ಬೈದುಕೊಳ್ಳುವುದು ಖಂಡಿತ. ಆದ್ದರಿಂದ ಹೆಸರಿಗಿಂತ ಮೊದಲು ಎರಡು ಪ್ರಶ್ನೆ: ನೀವು ತೆಗೆಯಬೇಕೆಂದಿರುವುದು ನಿಮ್ಮಿಂದ ಎಷ್ಟು ದೂರದಲ್ಲಿದೆ? ಅಲ್ಲಿ ಬೆಳಕು ಎಷ್ಟಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಕ್ಯಾಮೆರಾ ಅರ್ಧ ಆರಿಸಿದ ಹಾಗೆಯೇ.

ಮೊಬೈಲು ಸಾಲದೇ?

ಸಾಲುತ್ತದೆ, ಎಷ್ಟೋ ಕೆಲಸಕ್ಕೆ. ಮಗುವಿನ ನಾಮಕರಣ, ರಂಗೋಲಿ, ಹಬ್ಬದ ಎಲೆ, ನೆಂಟರ ಗುಂಪು, ಇವೆಲ್ಲ ಎರಡು ಮೂರು ಮೀಟರಿನೊಳಗಿನ ಸಂಗತಿಗಳು. ಇದಕ್ಕೆ ಇಂದಿನ ಸಾಧಾರಣ ಮೊಬೈಲೇ ಧಾರಾಳ. ಇಷ್ಟಕ್ಕೇ ನಿಮ್ಮ ಆಸೆ ನಿಲ್ಲುವುದಾದರೆ ದುಡ್ಡನ್ನು ಅಂಚೆ ಕಚೇರಿಯ ಖಾತೆಯಲ್ಲಿಡಿ, ಕ್ಯಾಮೆರಾ ಬೇಡ. ಜನ ಮೊಬೈಲಿನಲ್ಲೇ ತೃಪ್ತರಾದ ಕಾರಣ ಕ್ಯಾಮೆರಾ ಕಂಪನಿಗಳ ವ್ಯಾಪಾರವೂ ಕುಸಿದಿದೆ. 2010ರಲ್ಲಿ ಜಪಾನಿನ ತಯಾರಕರ ಸಂಘದ ಲೆಕ್ಕದ ಪ್ರಕಾರ 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ ಒಂದು ಕೋಟಿಗಿಂತ ಕೆಳಗಿಳಿಯಿತು.

ಮೊಬೈಲು ಸೋಲುವುದು ದೂರದ ವಿಷಯದಲ್ಲಿ. ನುಗ್ಗೆಮರದ ತುದಿಯ ಪಿಕಳಾರವನ್ನು ಮೊಬೈಲಿನಲ್ಲಿ ತೆಗೆದು ನೋಡಿ. ಮರ ಇರುತ್ತದೆ, ಆಕಾಶ ಇರುತ್ತದೆ, ಪಕ್ಕದ ಮನೆಯ ನೀರಿನ ಟ್ಯಾಂಕೂ ಇರುತ್ತದೆ. ಹಕ್ಕಿ ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕಾಗುತ್ತದೆ! ಬೆರಳಿನಿಂದ ಎಳೆದು ದೊಡ್ಡದು ಮಾಡಿದರೆ ಕಾಣುವುದು ಹಕ್ಕಿಯಲ್ಲ, ಬಣ್ಣದ ಚೌಕಗಳು.

ಎರಡು ಬಗೆಯ ಜೂಮ್

ಇದರ ಗುಟ್ಟು ಇಷ್ಟೆ. ಜೂಮ್‌ನಲ್ಲಿ ಎರಡು ಬಗೆ. ಒಂದು ಆಪ್ಟಿಕಲ್ ಜೂಮ್. ಇದರಲ್ಲಿ ಲೆನ್ಸಿನೊಳಗಿನ ಗಾಜುಗಳು ಹಿಂದೆ ಮುಂದೆ ಸರಿದು ದೂರದ ವಸ್ತುವಿನ ದೊಡ್ಡ ಬಿಂಬವನ್ನೇ ಒಳಗೆ ಬೀಳಿಸುತ್ತವೆ. ಇದು ನಿಜವಾದ ಜೂಮ್. ಇನ್ನೊಂದು ಡಿಜಿಟಲ್ ಜೂಮ್. ಇದರಲ್ಲಿ ಲೆನ್ಸು ಅಲ್ಲಾಡುವುದೇ ಇಲ್ಲ. ಸಿಕ್ಕ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸಿ ತೋರಿಸುತ್ತದೆ. ಒಂದೇ ಉಂಡೆ ಹಿಟ್ಟನ್ನು ಎಷ್ಟು ಅಗಲಕ್ಕೆ ಲಟ್ಟಿಸಿದರೂ ಹಿಟ್ಟು ಹೆಚ್ಚಾಗುವುದುಂಟೇ? ಚಪಾತಿ ತೆಳ್ಳಗಾಗುತ್ತದೆ, ಅಷ್ಟೇ.

ಅಂಗಡಿಯಲ್ಲಿ ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ 200 ಪಟ್ಟು ಎಂದೇನಾದರೂ ಕಂಡರೆ ಹಿಗ್ಗಬೇಡಿ. ಆಪ್ಟಿಕಲ್ ಎಷ್ಟು, ಡಿಜಿಟಲ್ ಎಷ್ಟು ಎಂದು ಕೇಳಿ. ಎರಡನ್ನೂ ಗುಣಿಸಿ ದೊಡ್ಡದು ಮಾಡಿ ಬರೆಯುವ ಅಭ್ಯಾಸ ಉಂಟು. ನಮಗೆ ಬೇಕಾದ್ದು ಆಪ್ಟಿಕಲ್ ಮಾತ್ರ. ಕ್ಯಾಮೆರಾ ಮನೆಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ, ಮೆನುವಿನಲ್ಲಿ ಹುಡುಕಿ ಆ ಡಿಜಿಟಲ್ ಜೂಮನ್ನು ಆರಿಸಿಬಿಡುವುದು.

ಪಟ್ಟು ನೋಡಬೇಡಿ, ಮಿಲಿಮೀಟರ್ ನೋಡಿ

ಇನ್ನು 40 ಪಟ್ಟು, 60 ಪಟ್ಟು ಎಂಬ ಲೆಕ್ಕ. ಇದು ಲೆನ್ಸಿನ ಅತಿ ದೂರದ ಸಂಖ್ಯೆಯನ್ನು ಅತಿ ಹತ್ತಿರದ ಸಂಖ್ಯೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧ, ಬೇರೇನಲ್ಲ. ಉದಾಹರಣೆಗೆ 2012ರಲ್ಲಿ ಬಂದ ಕ್ಯಾನನ್ ಎಸ್‌ಎಕ್ಸ್ 50 ಎಂಬ ಕ್ಯಾಮೆರಾದ ಜೂಮ್ 24ರಿಂದ 1200 ಮಿಲಿಮೀಟರ್. ಹಾಗಾಗಿ 50 ಪಟ್ಟು. 2017ರ ಪ್ಯಾನಸಾನಿಕ್ ಎಫ್‌ಜೆಡ್ 82ರ ಜೂಮ್ 20ರಿಂದ 1200. ಅದು 60 ಪಟ್ಟು. ಅರವತ್ತು ಕೇಳಲು ಹೆಚ್ಚು, ಆದರೆ ದೂರದ ಹಕ್ಕಿ ಎರಡರಲ್ಲೂ ಒಂದೇ ಗಾತ್ರದಲ್ಲಿ ಕಾಣುತ್ತದೆ! ಹೆಚ್ಚಾದ ಹತ್ತು ಪಟ್ಟು ಬಂದದ್ದು ಹತ್ತಿರದ ಕಡೆಯಿಂದ. ಇಕ್ಕಟ್ಟಾದ ದೇವರಮನೆಯನ್ನು ಪೂರ್ತಿ ಹಿಡಿಯಲು ಅದು ಅನುಕೂಲ, ನುಗ್ಗೆಮರಕ್ಕೆ ಏನೂ ಇಲ್ಲ. ಆದ್ದರಿಂದ ಕೊನೆಯ ಮಿಲಿಮೀಟರ್ ಎಷ್ಟು ಎಂದೇ ಕೇಳಬೇಕು.

ಇಲ್ಲೊಂದು ಗೊಂದಲವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ 1200 ಎಂದಿದ್ದರೂ ಅದೇ ಕ್ಯಾಮೆರಾದ ಲೆನ್ಸಿನ ಸುತ್ತ 215 ಎಂದು ಕೆತ್ತಿರುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದುಕೊಳ್ಳಬೇಡಿ. 215 ಲೆನ್ಸಿನ ನಿಜವಾದ ಅಳತೆ. 1200 ಎಂಬುದು ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದಲ್ಲಿ ಅದೇ ನೋಟ ಸಿಗಲು ಬೇಕಾಗುತ್ತಿದ್ದ ಲೆನ್ಸಿನ ಅಳತೆ. ಸೇರು, ಪಾವು, ಲೀಟರು ಎಂದು ಗೊಂದಲವಾಗದಿರಲು ಎಲ್ಲವನ್ನೂ ಒಂದೇ ಮಾನಕ್ಕೆ ತಂದ ಹಾಗೆ. ಕ್ಯಾಮೆರಾಗಳನ್ನು ಹೋಲಿಸುವಾಗ ಈ '35 ಮಿ.ಮೀ. ಸಮಾನ' ಸಂಖ್ಯೆಯನ್ನೇ ಹಿಡಿಯಿರಿ.

ಈಗ ದೂರ ಅಳೆಯೋಣ. ಲೆಕ್ಕ ಬಹಳ ಸುಲಭ, ಹಾಲಿನ ಲೆಕ್ಕಕ್ಕಿಂತ ಕಷ್ಟವಲ್ಲ. 36ನ್ನು ದೂರದ ಮೀಟರಿನಿಂದ ಗುಣಿಸಿ, ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. ಬಂದ ಉತ್ತರ, ಚಿತ್ರದ ಉದ್ದನೆಯ ಬದಿಯಲ್ಲಿ ಸುಮಾರು ಎಷ್ಟು ಮೀಟರ್ ಜಾಗ ಹಿಡಿಯುತ್ತದೆ ಎಂಬುದು.

ಹಿತ್ತಿಲ ಬಾಗಿಲಿಂದ ನುಗ್ಗೆಮರ 10 ಮೀಟರ್ ಇದೆ ಅನ್ನಿ. ಮೊಬೈಲಿನ ಸಾಮಾನ್ಯ ಲೆನ್ಸು 24 ಮಿ.ಮೀ. ಆಸುಪಾಸಿನದು. 36ನ್ನು 10ರಿಂದ ಗುಣಿಸಿ 24ರಿಂದ ಭಾಗಿಸಿದರೆ 15 ಮೀಟರ್. ಆ 15 ಮೀಟರ್ ಅಗಲದಲ್ಲಿ 20 ಸೆಂಟಿಮೀಟರ್ ಉದ್ದದ ಪಿಕಳಾರ ಎಲ್ಲಿ ಕಂಡೀತು? ಅದೇ 1200 ಮಿ.ಮೀ.ಗೆ ಭಾಗಿಸಿ. ಬರುವುದು 30 ಸೆಂಟಿಮೀಟರ್. ಪಿಕಳಾರ ಚಿತ್ರದ ಮೂರರಲ್ಲಿ ಎರಡು ಪಾಲು ತುಂಬಿ ಕೂರುತ್ತದೆ. ಅದರ ಕೆನ್ನೆಯ ಕೆಂಪು ಮಚ್ಚೆ ಕೂಡ ಕಾಣುತ್ತದೆ. ಕಡೂರಿನ ಸೋದರಿಗೆ ಇದೇ ಉತ್ತರ: 900ರಿಂದ 1200 ಮಿ.ಮೀ.ವರೆಗೆ ಹೋಗುವ ಕ್ಯಾಮೆರಾ ನಿಮಗೆ ಸರಿ.

ಈಗ ಶಿರಸಿಯವರ ಲೆಕ್ಕ. ಹಿಂದಿನ ಸಾಲಿನಿಂದ ವೇದಿಕೆ 20 ಮೀಟರ್. ಹುಡುಗಿ ಗೆಜ್ಜೆಯಿಂದ ಮುಡಿಯವರೆಗೆ ಪೂರ್ತಿ ಕಾಣಬೇಕು, ಕೈ ಮೇಲೆತ್ತಿದರೂ ಕತ್ತರಿಸಿ ಹೋಗಬಾರದು. ಕ್ಯಾಮೆರಾವನ್ನು ನಿಲುವಾಗಿ ಹಿಡಿದು 1.8 ಮೀಟರ್ ಜಾಗ ಬಿಡೋಣ. 36ನ್ನು 20ರಿಂದ ಗುಣಿಸಿ 1.8ರಿಂದ ಭಾಗಿಸಿ. ಎಷ್ಟು ಬಂತು? 400! ಅವರಿಗೆ 400 ಮಿ.ಮೀ. ಸಾಕೇ ಸಾಕು. 1200ಕ್ಕೆ ದುಡ್ಡು ಸುರಿದರೆ ಮೂಗುತಿಯ ಚಿತ್ರ ಸಿಗುತ್ತದೆ, ನೃತ್ಯದ್ದಲ್ಲ.

ಬೆಳಕಿನ ಮಾತು

ಶಿರಸಿಯವರಿಗೆ ದೂರಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ಬೆಳಕು. ಇದನ್ನು ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಗಮನವಿಟ್ಟು ಓದಿ.

ಹಿಂದಿನ ಕಾಲದ ಕ್ಯಾಮೆರಾದಲ್ಲಿ ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಬೆಳಕು ಹಿಡಿಯುವ ಪುಟ್ಟ ಚಿಪ್ ಇದೆ. ಅಗ್ಗದ ಉದ್ದ ಜೂಮ್ ಕ್ಯಾಮೆರಾಗಳಲ್ಲಿ ಇದರ ಅಳತೆ ಸುಮಾರು 6 ಮಿ.ಮೀ.ಗೆ 4.5 ಮಿ.ಮೀ., ಅಂದರೆ ಒಂದು ತೊಗರಿಬೇಳೆಯಷ್ಟು! ಸೆನ್ಸರ್ ಇಷ್ಟು ಚಿಕ್ಕದಿರುವುದರಿಂದಲೇ ಇಷ್ಟು ಚಿಕ್ಕ ಲೆನ್ಸಿನಲ್ಲಿ ಅಷ್ಟು ದೂರದ ಜೂಮ್ ಕೊಡಲು ಸಾಧ್ಯವಾಗಿದೆ, ಬೆಲೆಯೂ ಕೈಗೆಟುಕಿದೆ. ಅದು ಅದರ ಗುಣ. ದೋಷವೂ ಅದೇ. ಅಂಗಳದಲ್ಲಿ ಮಳೆನೀರು ಹಿಡಿಯಲು ಲೋಟ ಇಟ್ಟರೆ ಎಷ್ಟು ತುಂಬುತ್ತದೆ, ಪರಾತ ಇಟ್ಟರೆ ಎಷ್ಟು ತುಂಬುತ್ತದೆ? ಚಿಕ್ಕ ಸೆನ್ಸರ್ ಹಿಡಿಯುವ ಬೆಳಕು ಕಡಿಮೆ.

ಸಾಲದ್ದಕ್ಕೆ ಜೂಮ್ ಮುಂದೆ ಮುಂದೆ ಹೋದ ಹಾಗೆ ಲೆನ್ಸಿನ ಬಾಯಿಯೂ ಕಿರಿದಾಗುತ್ತದೆ. ಲೆನ್ಸಿನ ಮೇಲೆ 2.8–6.5 ಎಂಬಂಥ ಬರಹ ಇರುತ್ತದಲ್ಲ, ಅದರ ಅರ್ಥ ಇದೇ. ಹತ್ತಿರದಲ್ಲಿ 2.8, ಪೂರ್ತಿ ದೂರದಲ್ಲಿ 6.5. ಈ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ. 2.8ರಿಂದ 6.5ಕ್ಕೆ ಬರುವಷ್ಟರಲ್ಲಿ ಸೆನ್ಸರಿನ ಮೇಲೆ ಬೀಳುವ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಬಿಸಿಲಿದ್ದಾಗ ಇದು ಬಾಧಕವಲ್ಲ. ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ಈ ಅಗ್ಗದ ಕ್ಯಾಮೆರಾಗಳು ತೆಗೆಯುವ ಹಕ್ಕಿಯ ಚಿತ್ರ ನೋಡಿದರೆ ನೀವೇ ಬೆರಗಾಗುತ್ತೀರಿ. ಆದರೆ ಸಂಜೆ ಏಳರ ಸಭಾಂಗಣ ಬೇರೆ. ಕುಣಿಯುವ ಮಗುವನ್ನು ಮಸುಕಾಗದಂತೆ ಹಿಡಿಯಲು ಶಟರ್ ಸೆಕೆಂಡಿನ 250ನೇ ಒಂದು ಭಾಗದಷ್ಟಾದರೂ ಬೇಗ ಮುಚ್ಚಬೇಕು. ಅಷ್ಟರೊಳಗೆ ಸಾಕಷ್ಟು ಬೆಳಕು ಸಿಗದೆ ಕ್ಯಾಮೆರಾ ತನ್ನ ಐಎಸ್‌ಒ ಎಂಬ ಸಂಖ್ಯೆಯನ್ನು ಏರಿಸಿಕೊಳ್ಳುತ್ತದೆ. ಅಂದರೆ ಸಿಕ್ಕ ಅಲ್ಪ ಬೆಳಕನ್ನೇ ಜಗ್ಗಿ ದೊಡ್ಡದು ಮಾಡುತ್ತದೆ. ಪರಿಣಾಮ? ಮಗಳ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ.

ಹಾಗಾದರೆ ಸಭಾಂಗಣಕ್ಕೆ ಯಾವುದು? 'ಒಂದು ಇಂಚಿನ ಸೆನ್ಸರ್' ಇರುವ ಜಾತಿಯದು. ಹೆಸರು ಒಂದು ಇಂಚು, ಇರುವುದು 13.2ಕ್ಕೆ 8.8 ಮಿ.ಮೀ. ಅವರೆಕಾಳಿನಷ್ಟು ಅನ್ನಿ. ಆದರೂ ತೊಗರಿಬೇಳೆಗಿಂತ ನಾಲ್ಕು ಪಟ್ಟು ಹೆಚ್ಚು ವಿಸ್ತೀರ್ಣ. 2014ರಲ್ಲಿ ಬಂದ ಪ್ಯಾನಸಾನಿಕ್ ಎಫ್‌ಜೆಡ್ 1000 ಈ ಜಾತಿಯದು. 25ರಿಂದ 400 ಮಿ.ಮೀ., ಬರೀ 16 ಪಟ್ಟು, ಲೆನ್ಸಿನ ಬಾಯಿ ಕೊನೆಯಲ್ಲೂ 4ಕ್ಕೇ ನಿಲ್ಲುತ್ತದೆ. ನಾವು ಲೆಕ್ಕ ಹಾಕಿದ 400 ಇಲ್ಲೇ ಸಿಕ್ಕಿತು ನೋಡಿ! ಇದೇ ಜಾತಿಯಲ್ಲಿ 600 ಮಿ.ಮೀ.ವರೆಗೆ ಹೋಗುವ ಸೋನಿ ಆರ್‌ಎಕ್ಸ್ 10ರ ಮೂರನೇ ಮತ್ತು ನಾಲ್ಕನೇ ಮಾದರಿಗಳಿವೆ, ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಳೆಯ ಎಫ್‌ಜೆಡ್ 1000 ಒಳ್ಳೆಯ ಸ್ಥಿತಿಯಲ್ಲಿ ಯಾರಾದರೂ ಮಾರುವುದಾದರೆ, ಹೊಸ ಅಗ್ಗದ 50 ಪಟ್ಟಿನ ಕ್ಯಾಮೆರಾಕ್ಕಿಂತ ಶಿರಸಿಯವರಿಗೆ ಅದೇ ಲೇಸು.

ಮೆಗಾಪಿಕ್ಸೆಲ್ ಮರುಳು

"ಇದರಲ್ಲಿ 16 ಮೆಗಾಪಿಕ್ಸೆಲ್, ಅದರಲ್ಲಿ 20, ಅದನ್ನೇ ತಗೊಳ್ಳಿ ಮೇಡಂ" ಎನ್ನುತ್ತಾರೆ. ಆಲ್ಬಮ್ಮಿನಲ್ಲಿ ಹಾಕುವ 4ಕ್ಕೆ 6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಸಾಕು. ಗೋಡೆಗೆ ಹಾಕುವ ಎ4 ಅಳತೆಗೆ ಒಂಬತ್ತರೊಳಗೆ ಮುಗಿಯುತ್ತದೆ. 12 ಇದ್ದರೂ ಧಾರಾಳ. ತೊಗರಿಬೇಳೆಯಷ್ಟು ಜಾಗದಲ್ಲಿ ಹೆಚ್ಚು ಹೆಚ್ಚು ಚುಕ್ಕೆ ತುರುಕಿದರೆ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಚಿತ್ರ ಚೆನ್ನಾಗುವುದಿಲ್ಲ. ಈ ಸಂಖ್ಯೆಗೆ ಒಂದು ರೂಪಾಯಿ ಕೂಡ ಹೆಚ್ಚು ಕೊಡಬೇಡಿ.

ಕೈ ನಡುಗುವುದು, ಕಣ್ಣಿಗೆ ಹಿಡಿಯುವುದು

ಜೂಮ್ ಹಕ್ಕಿಯನ್ನು ದೊಡ್ಡದು ಮಾಡುವಂತೆ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ. ಹಳೆಯ ಛಾಯಾಗ್ರಾಹಕರ ಸೂತ್ರದ ಪ್ರಕಾರ 1200 ಮಿ.ಮೀ. ಲೆನ್ಸನ್ನು ಬರಿಗೈಲಿ ಹಿಡಿದರೆ ಶಟರ್ ಸೆಕೆಂಡಿನ 1200ನೇ ಒಂದು ಭಾಗದಷ್ಟು ವೇಗ ಇರಬೇಕು. ಅಷ್ಟು ಯಾವಾಗಲೂ ಆಗದ ಮಾತು. ಅದಕ್ಕೇ ಲೆನ್ಸಿನೊಳಗೆ ನಡುಕ ತಡೆಯುವ ಏರ್ಪಾಡು ಬೇಕೇ ಬೇಕು. ಇದನ್ನು ಒಂದೊಂದು ಕಂಪನಿ ಒಂದೊಂದು ಹೆಸರಿನಿಂದ ಕರೆಯುತ್ತದೆ. 'ಆಪ್ಟಿಕಲ್ ಸ್ಟೆಬಿಲೈಸೇಷನ್ ಇದೆಯಾ?' ಎಂದು ಕೇಳಿ. ಬರೀ 'ಡಿಜಿಟಲ್ ಸ್ಟೆಬಿಲೈಸೇಷನ್' ಎಂದರೆ ಬೇಡ. ನೆನಪಿರಲಿ, ಇದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಾರುವ ಹಕ್ಕಿಯನ್ನೋ ಕುಣಿಯುವ ಮಗುವನ್ನೋ ನಿಲ್ಲಿಸುವುದಿಲ್ಲ.

ಎರಡನೆಯದು ಕಣ್ಣಿಗೆ ಹಿಡಿದು ನೋಡುವ ಕಿಂಡಿ, ವ್ಯೂಫೈಂಡರ್. ಅಗ್ಗದ ಕೆಲವಲ್ಲಿ ಇದು ಇರುವುದಿಲ್ಲ, ಹಿಂದಿನ ಪರದೆಯನ್ನೇ ನೋಡಬೇಕು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಕೈ ಚಾಚಿ ಹಿಡಿದರೆ ನಡುಕವೂ ಹೆಚ್ಚು. ಕಿಂಡಿ ಇದ್ದರೆ ಕ್ಯಾಮೆರಾ ಹುಬ್ಬಿಗೆ ಒತ್ತಿ ನಿಲ್ಲುತ್ತದೆ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಬಹುದು. 600ಕ್ಕಿಂತ ಮುಂದೆ ಹೋಗುವ ಕ್ಯಾಮೆರಾಕ್ಕೆ ಕಿಂಡಿ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ತೂಕ. 2015ರ ನಿಕಾನ್ ಪಿ 900 ಎಂಬುದು 2000 ಮಿ.ಮೀ.ವರೆಗೆ ಹೋಗುತ್ತದೆ. ಚಂದ್ರನೇ ಚಿತ್ರದ ಎತ್ತರದ ಮುಕ್ಕಾಲು ಭಾಗ ತುಂಬುತ್ತಾನೆ! ತೂಕ ಸುಮಾರು 900 ಗ್ರಾಂ. 2018ರ ಪಿ 1000 ಹೋಗುವುದು 3000ಕ್ಕೆ, ತೂಕ 1,400 ಗ್ರಾಂ ದಾಟುತ್ತದೆ. ಅದರ ತಂಗಿ ಪಿ 1100 ಬಂದದ್ದು 2025ರಲ್ಲಿ, ಜೂಮ್ ಅಷ್ಟೇ. ಒಂದೂವರೆ ಕೇಜಿ ಸಕ್ಕರೆ ಪೊಟ್ಟಣವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಐದು ನಿಮಿಷ ಹಿಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ.

ಹೊಸದೋ, ಹಳೆಯದೋ?

ಈಗ ಹೊಸದಾಗಿ ಸಿಗುವ ಉದ್ದ ಜೂಮ್ ಮಾದರಿಗಳು ಬಹಳ ಕಡಿಮೆಯಾಗಿವೆ. ಕೊಡಕ್ ಹೆಸರಿನಲ್ಲಿ ಬೇರೊಂದು ಕಂಪನಿ ತಯಾರಿಸುವ ಪಿಕ್ಸ್‌ಪ್ರೊ ಸಾಲಿನವು ಅಗ್ಗದವು. ಅದರ ಎಜೆಡ್ 528 ಎಂಬುದು 24ರಿಂದ 1248 ಮಿ.ಮೀ. ಹಿತ್ತಿಲಿನ ಹಕ್ಕಿಗೆ, ಹಗಲು ಹೊತ್ತಿಗೆ ಸಾಕು. ಸೂಕ್ಷ್ಮ ಕೆಲಸ ಅದರಿಂದ ನಿರೀಕ್ಷಿಸಬೇಡಿ. ಹಳೆಯದರಲ್ಲಿ ನಾನು ಹೇಳಿದ ಕ್ಯಾನನ್ ಎಸ್‌ಎಕ್ಸ್ 50, ಅದರ ನಂತರ ಬಂದ ಎಸ್‌ಎಕ್ಸ್ 60 ಮತ್ತು 2018ರ ಎಸ್‌ಎಕ್ಸ್ 70, ಪ್ಯಾನಸಾನಿಕ್ ಎಫ್‌ಜೆಡ್ 82, ಇವು ಕಿಂಡಿ ಇರುವ ಒಳ್ಳೆಯ ಮಾದರಿಗಳು. 2016ರ ನಿಕಾನ್ ಬಿ 500, 2014ರ ಸೋನಿ ಎಚ್ 300 ಇನ್ನೂ ಅಗ್ಗ. ಕಿಂಡಿ ಇಲ್ಲ, ಆದರೆ ಗಡಿಯಾರಕ್ಕೆ ಹಾಕುವಂಥ ನಾಲ್ಕು ಎಎ ಸೆಲ್ ಹಾಕಿ ಓಡಿಸಬಹುದು. ಬೇರೆ ಬ್ಯಾಟರಿ ಸಿಗದ ಊರಿನವರಿಗೆ ಇದು ಅನುಕೂಲವೇ. ಚಾರ್ಜ್ ಮಾಡುವ ಸೆಲ್ಲುಗಳನ್ನೇ ಬಳಸಿ, ಮಾಮೂಲಿ ಸೆಲ್ಲು ಬೇಗ ಮುಗಿಯುತ್ತವೆ.

ಹಳೆಯದು ಕೊಳ್ಳುವಾಗ ಬದನೆಕಾಯಿ ಆರಿಸುವಷ್ಟೇ ಜಾಗ್ರತೆ ಬೇಕು. ಹೀಗೆ ಮಾಡಿ:

ಒಂದು, ಜೂಮನ್ನು ಕೊನೆಯವರೆಗೆ ಐದಾರು ಸಲ ಹೊರಗೆ ಒಳಗೆ ಓಡಿಸಿ. ಮರಳು ಅರೆದ ಹಾಗೆ ಸದ್ದು ಬಂದರೆ, ನಡುವೆ ತಡೆದರೆ, ಬೇಡ. ಈ ಕ್ಯಾಮೆರಾಗಳಲ್ಲಿ ಲೆನ್ಸು ಬೇರೆ ಮಾಡಲು ಬರುವುದಿಲ್ಲ, ಲೆನ್ಸು ಕೆಟ್ಟರೆ ಕ್ಯಾಮೆರಾ ಕೆಟ್ಟಂತೆಯೇ.

ಎರಡು, ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯಿಂದ ಬಂದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಬೇಡವೇ ಬೇಡ.

ಮೂರು, ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆಗಳು ಒಂದೇ ಕಡೆ ಮತ್ತೆ ಮತ್ತೆ ಕಂಡರೆ ಒಳಗೆ ಧೂಳು ಹೋಗಿದೆ.

ನಾಲ್ಕು, ಅಂಗಡಿಯಿಂದ ಹೊರಗೆ ಬಂದು, ಎದುರು ಬೀದಿಯ ಬೋರ್ಡಿನ ಅಕ್ಷರವನ್ನು ಪೂರ್ತಿ ಜೂಮ್ ಹಾಕಿ ತೆಗೆಯಿರಿ. ಆಮೇಲೆ ಅಂಗಡಿಯೊಳಗಿನ ಮಂದ ಬೆಳಕಿನಲ್ಲಿ ನಿಮ್ಮ ಜೊತೆ ಬಂದವರ ಮುಖ ತೆಗೆಯಿರಿ. ಎರಡು ಚಿತ್ರಗಳೇ ಕ್ಯಾಮೆರಾದ ಜಾತಕ ಹೇಳುತ್ತವೆ.

ಐದು, ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ ವಿಚಾರಿಸಿ. ಹೊಸದಾದರೆ ರಸೀತಿ ಮತ್ತು ಭಾರತದಲ್ಲಿ ನಡೆಯುವ ಕಂಪನಿಯ ವಾರಂಟಿ ಕಾರ್ಡು ಇಲ್ಲದೆ ದುಡ್ಡು ಎಣಿಸಬೇಡಿ. ಹೊರದೇಶದಿಂದ ಹೇಗೋ ತಂದು ಅಗ್ಗಕ್ಕೆ ಮಾರುವ ಪೆಟ್ಟಿಗೆ ಕೆಟ್ಟರೆ ಕೇಳುವವರಿಲ್ಲ.

ಕೈಯಲ್ಲಿರುವ ಪ್ರತಿ ನೂರು ರೂಪಾಯಿಯಲ್ಲಿ ಎಂಬತ್ತನ್ನು ಮಾತ್ರ ಕ್ಯಾಮೆರಾಕ್ಕೆ ಎಣಿಸಿಕೊಳ್ಳಿ. ಉಳಿದ ಇಪ್ಪತ್ತು ಒಂದು ಹೆಚ್ಚುವರಿ ಬ್ಯಾಟರಿಗೆ, ಹೆಸರಾಂತ ಕಂಪನಿಯ ಎಸ್‌ಡಿ ಕಾರ್ಡಿಗೆ, ಒಂದು ಚೀಲಕ್ಕೆ. ಹೊಸದುರ್ಗದ ಸೋದರಿ, ನಿಮ್ಮ ಕಾಗದದಲ್ಲಿ ದೂರವೂ ಇಲ್ಲ, ಬೆಳಕೂ ಇಲ್ಲ, ಬರೀ ಚೀಟಿ ದುಡ್ಡಿದೆ. ಮೊದಲು ಒಂದು ವಾರ ಮೊಬೈಲಿನಲ್ಲೇ ಚಿತ್ರ ತೆಗೆಯಿರಿ. "ಅಯ್ಯೋ, ಹತ್ತಿರ ಬರಲಿಲ್ಲವಲ್ಲ" ಎಂದು ನಿಮಗೆ ಎಲ್ಲೆಲ್ಲಿ ಅನ್ನಿಸಿತು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಗುರುತುಗಳೆಲ್ಲ ಹಗಲಿನವಾದರೆ ಕಡೂರಿನ ದಾರಿ, ಸಂಜೆಯವಾದರೆ ಶಿರಸಿಯ ದಾರಿ. ಗುರುತೇ ಬೀಳದಿದ್ದರೆ ದುಡ್ಡು ಉಳಿಯಿತು!

ಬಂದ ಮೇಲೆ

ಜೋರು ಮಳೆಗಾಲದಲ್ಲಿ ಕ್ಯಾಮೆರಾವನ್ನು ಬೀರುವಿನ ಬಟ್ಟೆಗಳ ನಡುವೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ತೇವ ಹೀರುವುದಕ್ಕೆ ಅಕ್ಕಿ ಹಾಕುವ ರೂಢಿ ಕೆಲವರಿಗಿದೆ. ಬೇಡ, ಅದರ ಹುಡಿ ಜೂಮಿನ ಸಂದಿಗೆ ಹೋಗುತ್ತದೆ. ವಾರಕ್ಕೊಮ್ಮೆ ಹೊರತೆಗೆದು ಬಳಸಿ. ಬೂಷ್ಟು ಬರುವುದು ಮೂಲೆಯಲ್ಲಿಟ್ಟ ಕ್ಯಾಮೆರಾಕ್ಕೇ. ಲೆನ್ಸನ್ನು ಸೆರಗಿನಿಂದ ಒರೆಸಬೇಡಿ.

ಚಿತ್ರ ತೆಗೆಯಲು ಬೆಳಗಿನ ಹೊತ್ತು ಶ್ರೇಷ್ಠ. ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ, ಒಲೆಯ ಮೇಲಿನ ಗಾಳಿ ನಡುಗಿದಂತೆ, ದೂರದ್ದೆಲ್ಲ ನಡುಗಿ ಕಾಣುತ್ತದೆ. ಎಂಥ ದುಬಾರಿ ಲೆನ್ಸೂ ಅದನ್ನು ಸರಿಮಾಡಲಾರದು.

ಹಕ್ಕಿಯ ಗೂಡಿನ ಹತ್ತಿರ ಹೋಗಬೇಡಿ. ಉದ್ದ ಜೂಮ್ ಇರುವುದೇ ದೂರ ನಿಲ್ಲುವುದಕ್ಕೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಅಲ್ಲಿನ ಹೆಂಗಸರು ಅದೇ ಮರದ ಕೆಳಗೆ ಪಾತ್ರೆ ತೊಳೆಯುತ್ತಾರೆ. ಆ ಹಕ್ಕಿಗಳು ಜನರನ್ನು ನಂಬಿವೆ. ಒಂದು ಚಿತ್ರಕ್ಕಾಗಿ ಆ ನಂಬಿಕೆ ಕೆಡಿಸುವುದು ಯಾರಿಗೂ ಶೋಭೆಯಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದರೆ ದೋಣಿಯಲ್ಲೇ ಸಾಕಷ್ಟು ಹತ್ತಿರ ಕರೆದೊಯ್ಯುತ್ತಾರೆ, ಅಲ್ಲಿ 600 ಮಿ.ಮೀ. ಇದ್ದರೂ ನಡೆಯುತ್ತದೆ.

ಯಾರ ಕ್ಯಾಮೆರಾ?

ಕೊನೆಯದಾಗಿ ಒಂದು ಮಾತು. "ನಿನಗ್ಯಾಕೆ ಕ್ಯಾಮೆರಾ? ಮಗನಿಗೆ ಕೊಡಿಸಿದರೆ ಆಯಿತು" ಎಂಬ ಮಾತು ಬಹಳ ಮನೆಗಳಲ್ಲಿ ಬರುತ್ತದೆ. ಜಗಳ ಬೇಡ. ಮಿಕ್ಸಿ ಕೊಂಡಾಗ ಯಾರೂ ಹೀಗೆ ಕೇಳಲಿಲ್ಲವಲ್ಲ ಎಂದು ನಗುತ್ತಾ ಅಂದುಬಿಡಿ. ಮನೆಮಂದಿಗಾಗಿ ಕೊಂಡದ್ದೆಲ್ಲ ಖರ್ಚಲ್ಲ, ತನಗಾಗಿ ಕೊಂಡದ್ದು ಮಾತ್ರ ಖರ್ಚು ಎಂಬ ಲೆಕ್ಕ ಎಷ್ಟು ದಿನ ಬರೆಯುತ್ತೀರಿ?

ಹೋಮೈ ವ್ಯಾರಾವಾಲಾ ಅವರ ಹೆಸರು ಕೇಳಿದ್ದೀರಾ? 1913ರಲ್ಲಿ ಹುಟ್ಟಿದವರು, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಓಡಾಡಿ ಸ್ವಾತಂತ್ರ್ಯದ ದಿನಗಳನ್ನು ಚಿತ್ರದಲ್ಲಿ ಹಿಡಿದವರು. 'ಡಾಲ್ಡಾ 13' ಎಂಬ ಅಡ್ಡಹೆಸರಿತ್ತು ಅವರಿಗೆ. ಅಡುಗೆಮನೆಯ ಡಬ್ಬಿಯಿಂದಲ್ಲ, ಕಾರಿನ ನಂಬರಿನಿಂದ ಬಂದದ್ದು! 2011ರಲ್ಲಿ ಪದ್ಮವಿಭೂಷಣ ಬಂತು. 2012ರಲ್ಲಿ ತೀರಿಕೊಂಡರು. ಅಂಥವರ ಚಿತ್ರಗಳು ಕೂಡ ಮೊದಮೊದಲು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದದ್ದು ಪತಿಯ ಹೆಸರಿನಲ್ಲಿ.

ಆದ್ದರಿಂದ ನೀವು ತೆಗೆದ ಚಿತ್ರಗಳಲ್ಲಿ ಚೆನ್ನಾಗಿ ಬಂದ ಹತ್ತನ್ನಾದರೂ ಕಾರ್ಡಿನಲ್ಲೇ ಕೊಳೆಯಲು ಬಿಡದೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ, ಊರು, ಹಕ್ಕಿಯ ಹೆಸರು ಬರೆಯಿರಿ. ಅದರ ಕೆಳಗೆ, ಮರೆಯದೆ, ತೆಗೆದವರ ಹೆಸರನ್ನೂ ಬರೆಯಿರಿ.